ಮುದ್ರೆ ಬಿದ್ದ ಲಕೋಟೆ

ಹಳೇ ಸ್ಟಾಂಪು ಹಿಡಿದುಕೊಂಡು ನನ್ನ ಹತ್ತಿರ ಬರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ತಿಂಗಳಿಗೊಂದು ಭಾನುವಾರ ವಿಜಯನಗರದಲ್ಲಿ ನಾವು ಕೆಲವರು ಅಂಚೆಚೀಟಿ ಸಂಗ್ರಹಿಸುವವರು ಸೇರುತ್ತೇವೆ. ಯಾವ ಸ್ಟಾಂಪಿನ ಯೋಗ್ಯತೆ ಎಷ್ಟು ಎಂದು ನೋಡಿ ಹೇಳುವ ಕೆಲಸವನ್ನು ಅಲ್ಲಿ ಯಾವಾಗಲೋ ನನ್ನ ತಲೆಗೆ ಕಟ್ಟಿದರು. ಬರುವವರೆಲ್ಲ ಫೋನಿನಲ್ಲಿ ಹಳೇ ಸ್ಟಾಂಪಿಗೆ ಭಾರಿ ಬೆಲೆ ಎನ್ನುವ ಒಂದು ವಿಡಿಯೊ ನೋಡಿ ಬಂದಿರುತ್ತಾರೆ. ಪ್ಲಾಸ್ಟಿಕ್ ಕವರು ಬಿಚ್ಚಿ, ಕಡಲೆಕಾಯಿ ಸುರಿದ ಹಾಗೆ ಸ್ಟಾಂಪುಗಳನ್ನು ಮೇಜಿನ ಮೇಲೆ ಸುರಿದು, "ಆಂಟಿ, ಇದಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ, ಕರೆಕ್ಟಾ?" ಎನ್ನುತ್ತಾರೆ. ಕರೆಕ್ಟಲ್ಲ ಎಂದರೆ ನನ್ನ ಮುಖವನ್ನೇ ಅನುಮಾನದಿಂದ ನೋಡುತ್ತಾರೆ. ಇವಳೇ ಹೊಡೆದುಕೊಳ್ಳುವ ಲೆಕ್ಕ ಹಾಕುತ್ತಿದ್ದಾಳೆ ಎಂದು ಅವರಿಗೆ.

ಕೂರಿಸಿ ವಿವರಿಸಿದರೆ ಕೇಳುವ ತಾಳ್ಮೆ ಯಾರಿಗೂ ಇಲ್ಲ. ಸ್ಟಾಂಪಿಗೆ ಮುಖ ಇರುವ ಹಾಗೆ ಬೆನ್ನೂ ಇದೆ, ತಿರುಗಿಸಿ ನೋಡಬೇಕು. ಹಿಂದಿನ ಅಂಟು ಉಳಿದಿದೆಯೇ, ಎಲ್ಲಾದರೂ ಕಾಗದ ಸವೆದು ತೆಳ್ಳಗಾಗಿದೆಯೇ, ತೇವಕ್ಕೆ ಕಂದು ಮಚ್ಚೆ ಬಿದ್ದಿದೆಯೇ, ಅಂಚಿನ ಹಲ್ಲುಗಳೆಲ್ಲ ಸರಿಯಾಗಿವೆಯೇ. ಒಂದು ಹಲ್ಲು ಮುರಿದಿದ್ದರೂ ಬೆಲೆ ಇಳಿಯಿತು. ಇನ್ನು ಅಂಚೆ ಕಚೇರಿಯ ಸೀಲು. ಸೀಲು ಬಿದ್ದ ಸ್ಟಾಂಪು ಹಾಳು ಎಂದುಕೊಳ್ಳುವವರು ಅರ್ಧ ಜನ, ಹಳೆಯದಾಗಿದ್ದರೆ ಸಾಕು ಎಂದುಕೊಳ್ಳುವವರು ಇನ್ನರ್ಧ. ಇಬ್ಬರಿಗೂ ಬುದ್ಧಿ ಇಲ್ಲ. ಮಸಿ ಬಳಿದ ಹಾಗೆ ಬಿದ್ದ ಸೀಲು ಒಳ್ಳೇ ಸ್ಟಾಂಪನ್ನೂ ಕೆಡಿಸುತ್ತದೆ. ಅದೇ ಸೀಲು ದುಂಡಗೆ, ಊರ ಹೆಸರು, ತಾರೀಖು ಓದಲು ಬರುವ ಹಾಗೆ, ಅರ್ಧ ಸ್ಟಾಂಪಿನ ಮೇಲೆ ಅರ್ಧ ಲಕೋಟೆಯ ಮೇಲೆ ಬಿದ್ದಿದ್ದರೆ ಎಂಥ ಸಾಮಾನ್ಯ ಸ್ಟಾಂಪಿಗೂ ಮರ್ಯಾದೆ ಬರುತ್ತದೆ. ಅದು ಈಗ ಇಲ್ಲದ ಅಂಚೆ ಕಚೇರಿಯ ಸೀಲಾಗಿದ್ದರಂತೂ ಹುಡುಕಿಕೊಂಡು ಬರುತ್ತಾರೆ. ಅಂಥದ್ದನ್ನು ಲಕೋಟೆಯಿಂದ ಬಿಡಿಸಬಾರದು. ಬಿಡಿಸಿದರೆ ಸ್ಟಾಂಪೂ ಕಸ, ಲಕೋಟೆಯೂ ಕಸ. ಇದೆಲ್ಲ ನನಗೆ ಕಲಿಸಿದವಳು ಅಮ್ಮ.

ಅಮ್ಮ ರಾಜಾಜಿನಗರದ ಒಂದು ಕಾರ್ಖಾನೆಯ ಆಫೀಸಿನಲ್ಲಿ ಟಪಾಲು ನೋಡಿಕೊಳ್ಳುತ್ತಿದ್ದಳು. ಬುಟ್ಟಿಗೆ ಹೋಗುವ ಲಕೋಟೆಗಳನ್ನು ಮೇಲಿನವರನ್ನು ಕೇಳಿ ಮನೆಗೆ ತರುತ್ತಿದ್ದಳು. ಅಡುಗೆ ಮುಗಿಸಿ, ಕೈ ಒರೆಸಿ ಪೂರ್ತಿ ಒಣಗಿಸಿಕೊಂಡು ಆಲ್ಬಮ್ಮಿನ ಮುಂದೆ ಕೂರುವಳು. ಅಪ್ಪ ಅವಳನ್ನು ಕಸ ಕೂಡಿಡುವವಳು ಎಂದು ನಗುತ್ತಿದ್ದ. ಅಣ್ಣ ಅಪ್ಪನ ಜೊತೆ ಸೇರಿ ಇನ್ನೂ ಜೋರಾಗಿ ನಗುತ್ತಿದ್ದ. ಆ ನಗು ನನಗೆ ಈಗಲೂ ಕಿವಿಯಲ್ಲಿದೆ. ಅಣ್ಣನ ಮೇಲಿನ ನನ್ನ ಸಿಟ್ಟು ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಕೇಳಿದರೆ ಅಲ್ಲಿಂದಲೇ ಎನ್ನುತ್ತೇನೆ.

ಅಪ್ಪ ಮೊದಲು ಹೋದ, ಆಮೇಲೆ ಅಮ್ಮ. ಬಸವೇಶ್ವರನಗರದ ಮನೆ ಅಣ್ಣನಿಗೆ ಎಂದಾಯಿತು. ನಮ್ಮಲ್ಲಿ ಇದಕ್ಕೆ ಒಂದು ಪದ್ಧತಿ ಇದೆ. ಹೆಣ್ಣುಮಕ್ಕಳನ್ನು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ, ಹಕ್ಕು ಬಿಟ್ಟಿದ್ದೇವೆ ಎಂದು ಸಹಿ ಹಾಕಿಸಿ, ಹೊರಗೆ ಬಂದ ಮೇಲೆ ಹೋಟೆಲಿನಲ್ಲಿ ಮಸಾಲೆದೋಸೆ ಕೊಡಿಸುವುದು. ನನಗೂ ಕೊಡಿಸಿದರು. ನಾನು ಒಂದು ಮಾತೂ ಆಡದೆ ಸಹಿ ಹಾಕಿದ್ದೆ, ಮನೆ ನನಗೆ ಬೇಕಿರಲಿಲ್ಲ. ದೋಸೆ ತಿನ್ನುವಾಗ ಒಂದೇ ಕೇಳಿದೆ, ಅಮ್ಮನ ಆಲ್ಬಂ ನನಗೆ ಕೊಡು ಎಂದು.

"ಕೊಡೋಣ ಕಣೇ, ಎಲ್ಲಿ ಓಡ್ಹೋಗತ್ತೆ ಅದು" ಎಂದ ಅಣ್ಣ.

ಓಡಿಹೋಗಲಿಲ್ಲ, ಅವನ ಮನೆಯ ಸಜ್ಜೆಯ ಮೇಲೆ ಹಿತ್ತಾಳೆ ಪಾತ್ರೆಗಳ ಮಧ್ಯೆ ಕೂತಿತು. ಹೋದಾಗಲೆಲ್ಲ ಕೇಳಿದೆ. ಒಂದು ಸಲ ಏಣಿ ಇಲ್ಲ, ಒಂದು ಸಲ ಬೆನ್ನು ನೋವು, ಒಂದು ಸಲ ಶುಕ್ರವಾರ. ಕೊನೆಗೆ ಅತ್ತಿಗೆ ಬಾಯಿಬಿಟ್ಟು ಹೇಳಿದರು. "ಮನೇಲಿರೋ ವಸ್ತು ಮನೇಲೇ ಇರ್ಲಿ ಬಿಡಿ. ಹೆಣ್ಮಕ್ಳಿಗೆ ಕೊಡೋದೆಲ್ಲ ಕೊಟ್ಟಾಯ್ತಲ್ಲ." ಆ ದಿನ ಅವರ ಮನೆಯ ಕಾಫಿ ಅರ್ಧಕ್ಕೇ ಇಟ್ಟು ಎದ್ದು ಬಂದೆ.

ಹೀಗೆ ಎಷ್ಟೋ ವರ್ಷ ಹೋದ ಮೇಲೆ ಒಂದು ದಿನ ಅಣ್ಣನ ಫೋನು. ದನಿಯಲ್ಲಿ ಇಲ್ಲದ ಸಕ್ಕರೆ. "ನೀನು ಸ್ಟಾಂಪೆಲ್ಲ ನೋಡ್ತೀಯಂತಲ್ಲ? ಅಮ್ಮಂದು ಸ್ವಲ್ಪ ನೋಡಿ ಹೇಳೇ, ಎಷ್ಟಾಗ್ಬೋದು ಅಂತ." ವಿಡಿಯೊ ಅವನ ಫೋನಿಗೂ ಬಂದಿದೆ ಎಂದು ಗೊತ್ತಾಯಿತು. ಏಣಿಯೂ ಸಿಕ್ಕಿತ್ತು, ಬೆನ್ನೂ ನೆಟ್ಟಗಾಗಿತ್ತು.

ಮರುದಿನವೇ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆಗೆ ಬಂದರು. ಆಲ್ಬಮ್ಮನ್ನು ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ನಾನು ಮೇಜು ಒರೆಸಿ, ಚಿಮುಟ, ಭೂತಗನ್ನಡಿ ತಂದು ಕೂತೆ. ಮೊದಲ ಪುಟ ತೆಗೆದೆ. ಪುಟದ ನಡುವೆ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. ಒಂದು ಬೊಟ್ಟಲ್ಲ, ವರ್ಷಕ್ಕೊಂದರಂತೆ ಒಂದರ ಮೇಲೊಂದು. ಬಣ್ಣ ಇಳಿದು ಕೆಳಗಿನ ನಾಲ್ಕು ಪುಟದ ಸ್ಟಾಂಪುಗಳು ಕೆಂಪಗಾಗಿದ್ದವು.

"ಇದೇನು ಅತ್ತಿಗೆ?"

"ಆಯುಧಪೂಜೆ ದಿನ ಇಡ್ತೀವಲ್ಲ. ಪುಸ್ತಕ ಅಲ್ವಾ ಅದು? ನಿಮ್ಮಮ್ಮನ ಪುಸ್ತಕ ಅಂತ ಮೊದಲು ಅದಕ್ಕೇ ಇಡ್ತಿದ್ದೆ."

ಭಕ್ತಿಯ ಮೇಲೆ ಕೂಗಾಡುವುದು ಹೇಗೆ? ಹಲ್ಲು ಕಚ್ಚಿಕೊಂಡು ಮುಂದಿನ ಪುಟಕ್ಕೆ ಹೋದೆ. ಅಲ್ಲಿ ಸ್ಟಾಂಪುಗಳ ಅಂಚು ಒಂದೇ ಸಮ ನುಣ್ಣಗಿತ್ತು, ಹಲ್ಲೇ ಇಲ್ಲ. ಅಣ್ಣ ಹೆಮ್ಮೆಯಿಂದ ಬಗ್ಗಿದ. "ಅದು ನಾನೇ. ಅಮ್ಮ ಹೋದ್ಮೇಲೆ ಒಂದ್ ವರ್ಷ ಪೂಜೆಗೆ ಇಳಿಸಿದ್ದಾಗ. ಗರಗಸದ ಥರ ಇತ್ತು, ನೀಟಾಗಿರ್ಲಿ ಅಂತ ಕತ್ರಿಲಿ ಕತ್ತರಿಸ್ದೆ." ಇನ್ನೊಂದು ಪುಟದಲ್ಲಿ ಸೆಲೋ ಟೇಪು. ಮತ್ತೊಂದರಲ್ಲಿ ಇದ್ದ ಸೀಲನ್ನು ಯಾರೋ ರಬ್ಬರಿನಿಂದ ಉಜ್ಜಿ, ಅದರ ಜೊತೆ ರಾಜನ ಮೂಗನ್ನೂ ಅಳಿಸಿದ್ದರು. ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ ಎನ್ನುತ್ತಾರೆ. ಮಂಗ ಪಾಪ ಬರೀ ಎಸೆಯುತ್ತದೆ, ರಬ್ಬರು ತಂದು ಉಜ್ಜುವುದಿಲ್ಲ.

"ಸೊನ್ನೆ" ಎಂದೆ. ಪುಟ ತಿರುಗಿಸಿದೆ. "ಇದೂ ಸೊನ್ನೆ. ಇದು ತುಂಬ ಒಳ್ಳೇದಿತ್ತು, ನೀನು ಕತ್ತರಿಸೋ ತನಕ. ಈಗ ಸೊನ್ನೆ."

ಅಣ್ಣನ ಮುಖ ಸಣ್ಣದಾಗುತ್ತಾ ಬಂತು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಒಂದೊಂದು ಸೊನ್ನೆಗೂ ಖುಷಿಯಾಯಿತು, ಒಂದೊಂದು ಸೊನ್ನೆಗೂ ಹೊಟ್ಟೆ ಉರಿಯಿತು. ಅಮ್ಮನ ಅಷ್ಟು ಸಂಜೆಗಳನ್ನು ಇವರಿಬ್ಬರು ಸೇರಿ ಹಾಳು ಮಾಡಿಟ್ಟಿದ್ದರು.

ಕೊನೆಯ ಪುಟದ ಹಿಂದಿನ ಜೇಬಿನಲ್ಲಿ ಒಂದು ಲಕೋಟೆ ಇತ್ತು. ನಾನು ಇಷ್ಟು ವರ್ಷ ಕೇಳುತ್ತಾ ಇದ್ದದ್ದು ನಿಜವಾಗಿ ಈ ಒಂದು ಲಕೋಟೆಯನ್ನೇ. ಯಾರ ಕಣ್ಣಿಗೂ ಬೀಳದೆ ಹಾಗೇ ಉಳಿದಿತ್ತು. ಚಿಮುಟದಲ್ಲಿ ಮೆಲ್ಲಗೆ ಹೊರಗೆ ತೆಗೆದೆ.

ಅದು ಬಂದ ಕಾಲಕ್ಕೆ ನಾನು ಇನ್ನೂ ಸ್ಕೂಲಿನಲ್ಲಿದ್ದೆ. ಕೆಂಗೇರಿಯ ಆಚೆ ಒಂದು ಹಳ್ಳಿಯ ಅಂಚೆ ಕಚೇರಿಯನ್ನು ಮುಚ್ಚಿ ಪಕ್ಕದ ಊರಿಗೆ ಸೇರಿಸುತ್ತಾರೆ ಎಂದು ಅಮ್ಮನಿಗೆ ಆಫೀಸಿನಲ್ಲಿ ಯಾರೋ ಹೇಳಿದ್ದರು. ಕೊನೆಯ ದಿನ ಅವಳು ಅರ್ಧ ದಿನ ರಜೆ ಹಾಕಿ ನನ್ನನ್ನೂ ಕರೆದುಕೊಂಡು ಹೊರಟಳು. ಅಪ್ಪನಿಗೆ ಹೇಳಲಿಲ್ಲ. ಕೆಂಗೇರಿಯವರೆಗೆ ಬಸ್ಸು, ಆಮೇಲೆ ರಾಗಿ ಹೊಲಗಳ ನಡುವೆ ನಡಿಗೆ. ಈಗ ಅಲ್ಲಿ ಹೊಲವೂ ಇಲ್ಲ, ಹಳ್ಳಿಯ ಹೆಸರನ್ನು ಒಂದು ಅಪಾರ್ಟ್‌ಮೆಂಟಿನ ಗೇಟಿನ ಮೇಲೆ ಹಾಕಿದ್ದಾರೆ, ಅದನ್ನೂ ತಪ್ಪಾಗಿ. ಅಂಚೆ ಕಚೇರಿ ಎಂದರೆ ಒಂದು ಮನೆಯ ಮುಂದಿನ ಕೋಣೆ. ಅಮ್ಮ ಚೀಲದಿಂದ ಲಕೋಟೆ ತೆಗೆದಳು. ವಿಳಾಸ ಅವಳದೇ, ಅವಳೇ ಬರೆದದ್ದು. ಒಳಗೆ ಕಾಗದವಿಲ್ಲ, ಸೀಲು ಸಮನಾಗಿ ಕೂರಲಿ ಎಂದು ಸೀರೆ ಡಬ್ಬಿಯ ರಟ್ಟನ್ನು ಅಳತೆಗೆ ಕತ್ತರಿಸಿ ಇಟ್ಟು ಅಂಟಿಸಿದ್ದಳು.

"ಸಾರ್, ಇಂಕು ಸ್ವಲ್ಪ ನೋಡ್ಕೊಂಡು ಹೊಡೀರಿ. ಅರ್ಧ ಸ್ಟಾಂಪ್ ಮೇಲೆ ಬರ್ಬೇಕು, ಅರ್ಧ ಕವರ್ ಮೇಲೆ."

ಪೋಸ್ಟ್ ಮಾಸ್ಟರಿಗೆ ಆಶ್ಚರ್ಯ. "ಯಾರಿಗಮ್ಮ ಇದು?"

"ನನಗೇ ಸಾರ್."

ಅವರು ನಗಲಿಲ್ಲ. ಒಂದು ರದ್ದಿ ಕಾಗದದ ಮೇಲೆ ಎರಡು ಸಲ ಹೊಡೆದು ನೋಡಿ, ಮೂರನೆಯದನ್ನು ಲಕೋಟೆಯ ಮೇಲೆ ಹೊಡೆದರು. ಎರಡು ದಿನದ ಮೇಲೆ ಅದು ನಮ್ಮ ಮನೆಗೆ ಬಂತು. ನಮ್ಮ ಮನೆಗೆ ಬರುತ್ತಿದ್ದ ಕಾಗದಗಳೆಲ್ಲ ಅಪ್ಪನ ಹೆಸರಿಗೆ. ಅಮ್ಮನ ಪೂರ್ತಿ ಹೆಸರು ಹೊತ್ತು ಬಂದ ಕಾಗದ ನನಗೆ ನೆನಪಿರುವಂತೆ ಅದೊಂದೇ. ಪೋಸ್ಟ್‌ಮ್ಯಾನ್ ಹೆಸರು ಕೂಗಿದಾಗ ಅವಳು ಸೆರಗು ಸರಿ ಮಾಡಿಕೊಂಡು ಬಾಗಿಲಿಗೆ ಹೋದದ್ದು ನನ್ನ ಕಣ್ಣಿಗೆ ಕಟ್ಟಿದೆ.

ಆ ಲಕೋಟೆ ಈಗ ನನ್ನ ಮೇಜಿನ ಮೇಲಿತ್ತು. ಮಚ್ಚೆ ಇಲ್ಲ, ಮಡಿಕೆ ಇಲ್ಲ, ಸೀಲಿನ ಒಂದೊಂದು ಅಕ್ಷರವೂ ಓದಬಹುದು. ಸೊನ್ನೆ ಎನ್ನಬಹುದಾಗಿತ್ತು. ಸೊನ್ನೆ ಎಂದಿದ್ದರೆ ಅವನು ಅಲ್ಲೇ ಬಿಟ್ಟು ಹೋಗುತ್ತಿದ್ದ. ಆದರೆ ಅಮ್ಮ ಅಷ್ಟು ದೂರ ನಡೆದು ಹೊಡೆಸಿಕೊಂಡು ಬಂದ ಸೀಲನ್ನು ನಾನು ಸೊನ್ನೆ ಎಂದರೆ ನನ್ನ ನಾಲಿಗೆ ಬಿದ್ದುಹೋಗಲಿ.

"ಇದು ಇದೆಯಲ್ಲ, ಇದಕ್ಕೆ ಬೆಲೆ ಇದೆ" ಎಂದೆ. "ಆ ಪೋಸ್ಟಾಫೀಸು ಮುಚ್ಚಿದ ದಿನದ ಸೀಲು. ಇಷ್ಟು ಚೆನ್ನಾಗಿ ಬಿದ್ದಿರೋದು ಇನ್ನೊಂದನ್ನ ನಾನು ನೋಡಿಲ್ಲ."

"ಈ ಕೊಳಕು ಕವರಿಗಾ? ಸೀಲ್ ಹೊಡೆದಿದಾರಲ್ಲೇ!"

"ಸೀಲಿಗೇ ಬೆಲೆ. ಅಣ್ಣ, ಆಲ್ಬಂ ನೀನೇ ಇಟ್ಕೋ. ಇದೊಂದು ನನಗೆ ಕೊಡು."

ಅತ್ತಿಗೆ ಅಣ್ಣನನ್ನು ನೋಡಿದರು. ಅಣ್ಣ ಲಕೋಟೆಯನ್ನು ನೋಡಿದ. "ಒಳ್ಳೇ ಕಥೆ ಕಣೇ ನಿಂದು. ಎಲ್ಲಾ ಸೊನ್ನೆ ಅಂತೀಯ, ಇದೊಂದಕ್ಕೆ ಬೆಲೆ ಅಂತೀಯ, ಅದನ್ನೇ ಕೊಡು ಅಂತೀಯ."

"ಮಾರೋಕಲ್ಲ ಅಣ್ಣ. ಅಮ್ಮಂದು ಅಂತ."

"ನನಗೂ ಅಮ್ಮನೇ ಅಲ್ವಾ ಅವಳು?"

ಅವಳು ಬದುಕಿದ್ದಾಗ ಆ ವಿಷಯ ನಿನಗೆ ನೆನಪಿತ್ತೇ ಎಂದು ಕೇಳಿದೆ. ಇನ್ನೂ ಏನೇನೋ ಕೇಳಿದೆ. ಮನೆ ಬಿಟ್ಟುಕೊಟ್ಟ ಸಹಿ, ಆ ಮಸಾಲೆದೋಸೆ, ಸಿಗದ ಏಣಿ, ಎಲ್ಲ ಹೊರಗೆ ಬಂತು. ಅಣ್ಣನೂ ಬಿಡಲಿಲ್ಲ. ನಾನು ಚಿಕ್ಕಂದಿನಿಂದ ಜಂಬದವಳು, ಅಮ್ಮನನ್ನು ಗುತ್ತಿಗೆ ಹಿಡಿದವಳ ಹಾಗೆ ಆಡುತ್ತೇನೆ ಎಂದ. ನಮ್ಮ ಯಜಮಾನರು ಒಳಗಿನಿಂದ ಬಂದು ಇಬ್ಬರಿಗೂ ನೀರು ಕೊಟ್ಟು, ಯಾರೂ ಕುಡಿಯದ್ದನ್ನು ನೋಡಿ ವಾಪಸು ಹೋದರು. ಹೊರಡುವಾಗ ಅಣ್ಣ ಲಕೋಟೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು, "ಇದನ್ನ ಹೆಂಗೆ ಇಡ್ಬೇಕು ಅದಾದ್ರೂ ಹೇಳು" ಎಂದ.

"ಕೈ ತಾಗಬಾರದು, ನೀರು ತಾಗಬಾರದು, ಗಾಳಿ ತಾಗಬಾರದು. ಆ ನಿನ್ನ ಕತ್ತರಿಯಂತೂ ತಾಗಲೇಬಾರದು. ಹಂಗೆ ಇಡು, ಹೋಗು" ಎಂದು ಬಾಗಿಲು ಹಾಕಿಕೊಂಡೆ.

ಆಮೇಲೆ ಮಾತಿಲ್ಲ. ನಂದಿನಿ ಲೇಔಟಿನಲ್ಲಿ ನೆಂಟರ ಮದುವೆಯಲ್ಲಿ ಎದುರಾದಾಗ ಅವನು ಊಟದ ಪಂಕ್ತಿಯ ಆ ತುದಿಗೆ ಹೋದ, ನಾನು ಈ ತುದಿಗೆ. ಲಕೋಟೆಯನ್ನು ಮಾರಿರುತ್ತಾನೆ ಎಂದು ನಮ್ಮ ಭಾನುವಾರದ ಗುಂಪಿನಲ್ಲಿ ಕಿವಿ ಕೊಟ್ಟುಕೊಂಡೇ ಇದ್ದೆ. ಅಂಥ ಸೀಲು ಎಲ್ಲಾದರೂ ಮಾರಾಟಕ್ಕೆ ಬಂದರೆ ನನಗೆ ತಿಳಿಯದೆ ಇರುವುದಿಲ್ಲ. ಬಂದರೆ ಬಳೆ ಮಾರಿಯಾದರೂ ಕೊಳ್ಳುವುದು ಎಂದು ತೀರ್ಮಾನಿಸಿದ್ದೆ. ಬರಲಿಲ್ಲ.

ಗೌರಿ ಹಬ್ಬ ಬಂತು. ತವರಿನಿಂದ ಅಣ್ಣನೋ ತಮ್ಮನೋ ಬಂದು ಹೆಣ್ಣುಮಗಳಿಗೆ ಅರಿಶಿನ ಕುಂಕುಮ, ಬಳೆ, ರವಿಕೆ ಬಟ್ಟೆ ಕೊಡಬೇಕು. ಎಷ್ಟು ಜಗಳವಿದ್ದರೂ ಅದನ್ನು ತಪ್ಪಿಸಿದವರು ನಮ್ಮ ಕಡೆ ಇಲ್ಲ. ತಪ್ಪಿಸಿದರೆ ಕೊಡುವವರಿಗೂ ಒಳ್ಳೆಯದಲ್ಲ, ಪಡೆಯುವವರಿಗೂ ಒಳ್ಳೆಯದಲ್ಲ ಎಂಬ ನಂಬಿಕೆ. ಬಂದರೆ ಬರಲಿ, ಮುಖ ನೋಡಿ ಮಾತಾಡುವುದಿಲ್ಲ ಎಂದುಕೊಂಡು ಹೋಳಿಗೆ ತಟ್ಟುತ್ತಿದ್ದೆ. ಗಂಡ ಹೆಂಡತಿ ಇಬ್ಬರೂ ಬಂದರು. ಅತ್ತಿಗೆ ಮಣೆ ಹಾಕಿ ಕೂರಿಸಿ ಮೊರದ ಬಾಗಿನವನ್ನು ನನ್ನ ಸೆರಗಿಗೆ ಮುಟ್ಟಿಸಿದರು. ಬಳೆ, ಬಿಚ್ಚೋಲೆ, ತೆಂಗಿನಕಾಯಿ, ರವಿಕೆ ಕಣ. ಅದರ ಮೇಲೆ ಹೊಳೆಯುವ ಏನೋ ಒಂದು.

"ನೋಡು" ಎಂದ ಅಣ್ಣ. ಮುಖದಲ್ಲಿ ನಗು ತಡೆಯಲಾಗುತ್ತಿರಲಿಲ್ಲ. "ನಿನಗೇ. ಇನ್ಮೇಲೆ ಕೈ ತಾಗಲ್ಲ, ನೀರು ತಾಗಲ್ಲ, ಗಾಳಿ ತಾಗಲ್ಲ. ನೀನು ಹೇಳಿದ್ಹಂಗೇ ಮಾಡ್ಸಿದೀನಿ."

ಲಕೋಟೆಯನ್ನು ಲ್ಯಾಮಿನೇಷನ್ ಮಾಡಿಸಿದ್ದ.

ನಮ್ಮ ಜನಕ್ಕೆ ಯಾವುದರ ಮೇಲಾದರೂ ಪ್ರೀತಿ ಹುಟ್ಟಿದರೆ ಅದನ್ನು ಲ್ಯಾಮಿನೇಷನ್ ಮಾಡಿಸುತ್ತಾರೆ. ಮಾರ್ಕ್ಸ್ ಕಾರ್ಡು, ಆಧಾರು, ಜಾತಕ, ಮಂತ್ರಾಕ್ಷತೆಯ ಜೊತೆ ಬಂದ ದೇವರ ಪಟ. ಬಿಸಿ ಯಂತ್ರದಲ್ಲಿ ಪ್ಲಾಸ್ಟಿಕ್ಕನ್ನು ಕಾಗದದೊಳಕ್ಕೆ ಕರಗಿಸಿ ಕೂರಿಸಿದ ಮೇಲೆ ಅದನ್ನು ಬಿಡಿಸುವ ಮನುಷ್ಯ ಹುಟ್ಟಿಲ್ಲ. ಸ್ಟಾಂಪಿನ ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತ್ತು. ಲಕೋಟೆಯ ಎಡಗಡೆ ಅಂಚು ಕತ್ತರಿಸಿ ಬಾಯಿ ತೆರೆದಿತ್ತು.

"ಇದನ್ನ ಯಾಕೆ ಕತ್ತರಿಸಿದ್ದು?"

"ಒಳಗೆ ರಟ್ಟಿತ್ತಂತೆ. ಮಿಷನ್‌ಗೆ ಹೋಗ್ತಿರ್ಲಿಲ್ಲ, ಅಂಗಡಿಯವ್ನು ತೆಗೆದು ಬಿಸಾಕ್ದ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ. ಮಣೆಯ ಮೇಲಿಂದ ಎದ್ದೆ. ಹಬ್ಬದ ದಿನ ಬಾಗಿನ ಹಿಡಿದುಕೊಂಡು ಆಡಬಾರದ ಮಾತುಗಳನ್ನೆಲ್ಲ ಆಡಿದೆ. ನಿನ್ನಂಥ ಮೂರ್ಖನನ್ನು ಹೆತ್ತ ಅಮ್ಮ ಪುಣ್ಯಕ್ಕೆ ಮೊದಲೇ ಹೋದಳು ಎಂದೆ. ಅತ್ತಿಗೆ ಕಿವಿ ಮುಚ್ಚಿಕೊಂಡರು. ಅಣ್ಣ ಮಾತ್ರ ನಾನು ಬೇರೆ ಭಾಷೆಯಲ್ಲಿ ಬಯ್ಯುತ್ತಿರುವ ಹಾಗೆ ನೋಡುತ್ತಿದ್ದ.

"ಹಂಗಾದ್ರೆ ಬೆಲೆ ಕಮ್ಮಿ ಆಯ್ತಾ?"

"ಕಮ್ಮಿ ಅಲ್ಲ, ಹೋಯ್ತು. ಸೊನ್ನೆ."

"ಆಗ್ಲಿ ಬಿಡು" ಎಂದ. ನಿಜವಾಗಿಯೂ ಅಷ್ಟೇ ಎಂದ. "ಮಾರೋಕಲ್ಲ, ಅಮ್ಮಂದು ಅಂತ ಬೇಕು ಅಂದ್ಯಲ್ಲ. ಇಬ್ಬರು ಬಂದು ಕೇಳಿದ್ರು, ಕೊಡಲ್ಲ ಅಂದೆ. ಅಮ್ಮಂದು ಅಂತ ತಾನೇ ತಂದ್ಕೊಟ್ಟಿದ್ದು?"

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ, ಅದಕ್ಕೇ ಸಿಟ್ಟು ಇನ್ನೂ ಏರಿತು. ಅವನು ಮಾರಿಕೊಂಡಿದ್ದರೆ ಎಷ್ಟೋ ಚೆನ್ನಾಗಿತ್ತು ಎನಿಸಿತು. ಯಾವನೋ ಒಬ್ಬ ಸಂಗ್ರಾಹಕನ ಮನೆಯಲ್ಲಿ ಅದು ಅದಾಗಿಯೇ ಇರುತ್ತಿತ್ತು, ನಾನು ಹೋಗಿ ನೋಡಬಹುದಿತ್ತು, ಅಣ್ಣನನ್ನು ಸಾಯುವವರೆಗೆ ನೆಮ್ಮದಿಯಾಗಿ ಬಯ್ಯಬಹುದಿತ್ತು.

"ಬಿಚ್ಚಿಸ್ಕೊಂಡು ಬರ್ಲಾ? ಅಂಗಡಿಯವ್ನು ನಂಗೆ ಗೊತ್ತಿರೋನೇ" ಎಂದು ಕೈ ಚಾಚಿದ.

ನಾನು ಅದನ್ನು ಎದೆಗೆ ಒತ್ತಿಕೊಂಡೆ. "ಮುಟ್ಟಿದ್ರೆ ನೋಡು" ಎಂದೆ.

ಊಟಕ್ಕೆ ನಮ್ಮ ಯಜಮಾನರೇ ಬಡಿಸಿದರು. ನಾನು ಒಳಗೆ ಕೂತಿದ್ದೆ. ಅಮ್ಮ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯುವವಳು. ಬೆರಳು ಆಡಿಸಿದರೆ ಅವಳ ಅಕ್ಷರದ ಹಳ್ಳ ತಿಟ್ಟು ತಿಳಿಯುತ್ತಿತ್ತು. ಲಕೋಟೆ ನನ್ನದಾದ ದಿನ ಚಿಮುಟ ಆಚೆಗಿಟ್ಟು, ಸಂಗ್ರಹ ಮಾಡುವವರು ಯಾರೂ ಮಾಡಬಾರದ ಆ ಕೆಲಸ ಮಾಡಬೇಕು, ಬರಿಗೈಯಲ್ಲಿ ಒಂದು ಸಲ ಅವಳ ಹೆಸರನ್ನು ಮುಟ್ಟಬೇಕು ಎಂದಿದ್ದೆ. ಯಾರಿಗೂ ಹೇಳಿರಲಿಲ್ಲ. ಹೇಳುವಂಥ ಮಾತೂ ಅಲ್ಲ ಅದು. ಈಗ ಹೆಬ್ಬೆರಳು ಇಟ್ಟರೆ ಜಾರುತ್ತಿತ್ತು.

ಹೊರಡುವಾಗ ಅಣ್ಣ ಕೋಣೆಯ ಬಾಗಿಲಿಗೆ ಬಂದು ನಿಂತ. ಒಳಗೆ ಬರುವ ಧೈರ್ಯವಾಗಲಿಲ್ಲ.

"ಅಮ್ಮನ ಅಕ್ಷರ ಕಾಣ್ಸತ್ತೆ ಅಲ್ವಾ?"

ಕಾಣುತ್ತಿತ್ತು. ಮೊದಲಿಗಿಂತ ಚೆನ್ನಾಗಿ, ಹೊಳೆಯುತ್ತಾ ಕಾಣುತ್ತಿತ್ತು.

"ಕಾಣ್ಸತ್ತೆ" ಎಂದೆ. "ಸಿಗಲ್ಲ."